ಬದರಿಯಲ್ಲಿ ವೃಕ್ಷಸೇವೆ



ವೈಶಾಖದಲ್ಲಿ ಬದರೀನಾರಾಯಣನ ಸನ್ನಿಧಿಯ ದ್ವಾರ ತೆರೆಯುತ್ತಲೇ ನಮ್ಮ ನಾಡಿನಿಂದಲೂ ಯಾತ್ರಾರ್ಥಿಗಳು ತಂಡತಂಡವಾಗಿ ಹೊರಡುತ್ತಾರೆ. ತಪ್ತಕುಂಡದಲ್ಲಿ ಸ್ನಾನ, ಬ್ರಹ್ಮಕಪಾಲದಲ್ಲಿ ಪಿಂಡಪ್ರದಾನ, ಸ್ವಾಮಿಯ ದರ್ಶನ, ಇಷ್ಟನ್ನು ಪೂರೈಸಿ ಧನ್ಯರಾದೆವೆಂದು ಹಿಂದಿರುಗುತ್ತೇವೆ. ಆ ಕ್ಷೇತ್ರಕ್ಕೆ ಹೆಸರನ್ನಿತ್ತ ಬದರೀವೃಕ್ಷವೆಲ್ಲಿ ಎಂದು ಕೇಳುವವರು ವಿರಳ. ತಪೋನಿರತನಾದ ಸ್ವಾಮಿಗೆ ಬಿಸಿಲೂ ಹಿಮವೂ ತಾಗದಿರಲೆಂದು ಶ್ರೀದೇವಿಯೇ ಎಲಚಿಯ ಮರವಾಗಿ ನಿಂತಳೆಂಬುದು ಪ್ರಸಿದ್ಧವಾದ ಐತಿಹ್ಯ. ಅಂತಹ ಸ್ವಾಮಿಯ ಸುತ್ತ ಇಂದು ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಬೋಳು ಬೆಟ್ಟಗಳು ಮತ್ತು ವಸತಿಗೃಹಗಳು.

ಶ್ರೀಮದಾಚಾರ್ಯರು ಅನಂತಮಠದಲ್ಲಿ ಗೀತಾಭಾಷ್ಯವನ್ನು ನಾರಾಯಣನಿಗೆ ಸಮರ್ಪಿಸಿ, 48 ದಿನ ಮೌನೋಪವಾಸಗಳಿಂದಿದ್ದು ಉತ್ತರಬದರಿಗೆ ತೆರಳಿದರೆಂದು ಸುಮಧ್ವವಿಜಯವು ವರ್ಣಿಸುತ್ತದೆ. ಜಗತ್ತು ಸತ್ಯವೆಂದು ಸಾರಿದ ಆ ಗುರುಗಳ ಅನುಯಾಯಿಗಳಾದ ನಮಗೆ ಹಿಮವತ್ಪರ್ವತವೂ ಸತ್ಯ, ಅದರ ಕುಸಿತವೂ ಸತ್ಯ. ಎಲ್ಲವೂ ಮಿಥ್ಯೆಯೆಂದು ಕೈತೊಳೆದುಕೊಳ್ಳುವ ಅನುಕೂಲ ನಮ್ಮ ಸಿದ್ಧಾಂತದಲ್ಲಿಲ್ಲ.

1962ರ ಯುದ್ಧದ ನಂತರ ಅಲಕನಂದೆಯ ಕಣಿವೆಗೆ ರಸ್ತೆಗಳು ಬಂದವು. ರಸ್ತೆಗಳ ಹಿಂದೆಯೇ ಮರದ ಗುತ್ತಿಗೆದಾರರೂ ಬಂದರು. 1970ರ ಜುಲೈಯಲ್ಲಿ ನದಿಯು ಉಕ್ಕಿ ಬೇಲಾಕುಚಿ ಗ್ರಾಮವನ್ನು ಕೊಚ್ಚಿಕೊಂಡು ಹೋಯಿತು. ಹೂಳು ಹರಿದ್ವಾರದ ಕಾಲುವೆಯವರೆಗೂ ಬಂದು ತುಂಬಿತು. ಮರ ಕಡಿದಲ್ಲಿ ಮಣ್ಣು ನಿಲ್ಲದೆಂಬುದನ್ನು ಆ ಬೆಟ್ಟದ ಜನರು ಆಗ ಕಂಡುಕೊಂಡರು. 1974ರ ಮಾರ್ಚ್ 26ರಂದು ರೈಣಿ ಗ್ರಾಮದ ಗಂಡಸರೆಲ್ಲ ಭೂಪರಿಹಾರಕ್ಕೆಂದು ಚಮೋಲಿಗೆ ಹೋಗಿದ್ದಾಗ ಕೊಡಲಿಯವರು ಕಾಡಿಗೆ ನುಗ್ಗಿದರು. ಗೌರಾದೇವಿಯೆಂಬ ವಿಧವೆ ಊರಿನ ಹೆಂಗಸರನ್ನೂ ಬಾಲೆಯರನ್ನೂ ಕೂಡಿಸಿಕೊಂಡು, ಕಾಡು ತಮ್ಮ ತವರುಮನೆಯೆಂದು ಹೇಳಿ ಅಡ್ಡ ನಿಂತಳು. ಬಂದವರು ಹಿಂದಿರುಗಬೇಕಾಯಿತು. ಮುಂದೆ ಆ ಪ್ರದೇಶದಲ್ಲಿ ವ್ಯಾಪಾರಕ್ಕಾಗಿ ಮರ ಕಡಿಯುವುದನ್ನು ಸರ್ಕಾರವು ಹತ್ತು ವರ್ಷ ನಿಷೇಧಿಸಿತು. ಈ ಚಿಪ್ಕೋ ಚಳವಳಿಯ ಮಾದರಿಯಲ್ಲೇ 1983ರಲ್ಲಿ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಮೊದಲಾಯಿತು.

ಉಳಿಸಿದರಾಯಿತೆಂದು ಅವರು ಸುಮ್ಮನೆ ಕೂರಲಿಲ್ಲವೆಂಬುದೇ ನಮಗೆ ಮುಖ್ಯ. ಚಂಡೀಪ್ರಸಾದ ಭಟ್ಟರ ದಶೋಲಿ ಗ್ರಾಮ ಸ್ವರಾಜ್ಯ ಮಂಡಲವು ಊರೂರುಗಳಲ್ಲಿ ಶಿಬಿರ ನಡೆಸಿ ಬೋಳು ಇಳಿಜಾರುಗಳಲ್ಲಿ ಸಸಿಗಳನ್ನು ನೆಡಿಸಿತು. ಮೇವಿಗೆ ಯಾವುದು, ಸೌದೆಗೆ ಯಾವುದು ಎಂಬುದನ್ನು ಹೊತ್ತು ತರುವ ಹೆಂಗಸರೇ ಬಲ್ಲವರು. ದನ ನುಗ್ಗದಂತೆ ಕಲ್ಲಿನ ಗೋಡೆ ಕಟ್ಟಿ ಅವರೇ ಕಾದರು. ಸರ್ಕಾರಿ ನೆಡುತೋಪುಗಳಲ್ಲಿ ಉಳಿದುದಕ್ಕಿಂತ ಹೆಚ್ಚಿನ ಪಾಲು ಸಸಿಗಳು ಅವರ ಕೈಯಲ್ಲಿ ಉಳಿದವು.

1993ರಲ್ಲಿ ಬದರಿಯಲ್ಲೇ ಒಂದು ಸತ್ಕಾರ್ಯ ನಡೆಯಿತು. ಗೋವಿಂದ ವಲ್ಲಭ ಪಂತ್ ಹಿಮಾಲಯ ಪರಿಸರ ಸಂಸ್ಥೆಯ ವಿಜ್ಞಾನಿಗಳು ಪ್ರಾಚೀನ ಬದರೀವನವನ್ನು ಪುನಃ ಬೆಳೆಸಬೇಕೆಂದು ಸಂಕಲ್ಪಿಸಿ ಪ್ರಧಾನ ಅರ್ಚಕರಾದ ರಾವಲರನ್ನು ಆಶ್ರಯಿಸಿದರು. ರಾವಲರು ಸಸಿಗಳನ್ನು ಆಶೀರ್ವದಿಸಿ ಯಾತ್ರಿಕರಿಗೆ ಪ್ರಸಾದವಾಗಿ ಕೊಟ್ಟರು. ಯಾತ್ರಿಕರು ಅವನ್ನು ನೆಟ್ಟರು. ಉಪದೇಶದಿಂದಾಗದ ಕೆಲಸವನ್ನು ಪ್ರಸಾದವು ಮಾಡಿಸಿತು! ಆದರೆ ಹತ್ತು ಸಾವಿರ ಅಡಿಗೂ ಮೇಲಿನ ಸ್ಥಳವದು. ಚಳಿಗಾಲ ಸಮೀಪಿಸಲು ದ್ವಾರ ಮುಚ್ಚುತ್ತದೆ, ಸೇವೆಗಳು ಪಾಂಡುಕೇಶ್ವರ, ಜೋಶಿಮಠಗಳಿಗೆ ಸಾಗುತ್ತವೆ, ಯಾತ್ರಿಕರು ಊರು ಸೇರುತ್ತಾರೆ. ಸಸಿಯೊಂದೇ ಹಿಮದ ಭಾರದಡಿ ಅಲ್ಲಿ ಉಳಿಯುತ್ತದೆ.

ಮರ ನೆಟ್ಟರೆ ಎಲ್ಲವೂ ಸರಿಹೋಗುವುದೆಂದು ನಾವು ಹೇಳಲಾರೆವು. 2021ರ ಫೆಬ್ರವರಿ 7ರಂದು ಬಂಡೆಯೂ ಮಂಜುಗಡ್ಡೆಯೂ ಒಡೆದು ಋಷಿಗಂಗೆಗೆ ಉರುಳಿ ಇನ್ನೂರಕ್ಕೂ ಮಿಕ್ಕ ಜನರನ್ನು ಬಲಿಗೊಂಡಾಗ, ಅದೇ ರೈಣಿ ಗ್ರಾಮವೂ ಪೆಟ್ಟು ತಿಂದಿತು. ಅಂತಹ ಪ್ರವಾಹವನ್ನು ಯಾವ ಕಾಡೂ ತಡೆಯಲಾರದು. ಜೋಶಿಮಠದ ವಿಷಯವಾದರೋ ಬೇರೆ. ಆ ಊರು ಹಳೆಯ ಭೂಕುಸಿತದ ಮೇಲೆ ಕುಳಿತಿದೆ, ಭಾರಿ ಕಟ್ಟಡಗಳು ಬೇಡ, ಗಿಡಮರ ಬೆಳೆಸಿರಿ ಎಂದು 1976ರಲ್ಲೇ ಮಿಶ್ರಾ ಸಮಿತಿಯು ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಅಲ್ಲಿಯ ಮನೆಗಳ ಗೋಡೆಗಳು ಬಿರಿದವು. ಯಾತ್ರಿಕರಿಗೆಂದೇ ಎದ್ದ ಕಟ್ಟಡಗಳಲ್ಲಿ ಬಿಸಿನೀರು ಕೇಳುತ್ತಾ ತಂಗುವ ನಮಗೂ ಅದರಲ್ಲಿ ಪಾಲಿಲ್ಲವೇ? ಬಸ್ಸಿನ ಕಿಟಕಿಯಿಂದ ಖಾಲಿ ಬಾಟಲಿಯನ್ನು ಅಲಕನಂದೆಗೆ ಎಸೆದ ಕೈಯೇ ಮರುದಿನ ಅದೇ ನೀರನ್ನು ತೀರ್ಥವೆಂದು ತುಂಬಿಕೊಳ್ಳುತ್ತದೆ.

ವೃಂದಾವನದ ಮರಗಳನ್ನು ತೋರಿಸಿ, ಗಾಳಿ ಮಳೆ ಬಿಸಿಲುಗಳನ್ನು ತಾವು ಸಹಿಸಿ ಇವು ಪರರಿಗಾಗಿಯೇ ಬದುಕುತ್ತಿವೆಯೆಂದು ಶ್ರೀಕೃಷ್ಣನು ಗೆಳೆಯರಿಗೆ ಹೇಳಿದ ಪ್ರಸಂಗ ಭಾಗವತದ ದಶಮಸ್ಕಂಧದಲ್ಲಿದೆ. ಈ ಸಲ ಬದರಿಗೆ ಹೊರಡುವವರು ಅದನ್ನೊಮ್ಮೆ ಓದಿಕೊಂಡು ಹೊರಡಲಿ. ಅಲ್ಲಿ ಯಾರಾದರೂ ನೆಟ್ಟ ಸಸಿ ಕಂಡರೆ ಅದರ ಸುತ್ತ ಜಾರಿಬಿದ್ದಿರುವ ಕಲ್ಲುಗಳನ್ನು ಎತ್ತಿಟ್ಟು ಬರಲಿ.