ಖಾಲಿ ಬಿಟ್ಟರೆ ಏನಾಗುತ್ತೆ?

ಚೌತಿ ಹಬ್ಬದ ಹಿಂದಿನ ದಿನ ನಾನು ಬರೆದ ಒಂದು ಸಾಲಿನಿಂದಾಗಿ ಒಂದು ಮನೆಯವರು ಊರಿಗೆ ಹೋಗುವುದೇ ತಪ್ಪಿಹೋಯಿತು. ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ತಲೆ ತಿನ್ನುತ್ತಿರುವುದೂ ಅದೇ.

ನಾನಿರುವುದು ಬಸ್ ಟಿಕೆಟ್ ಬುಕ್ ಮಾಡಿಕೊಡುವ ಒಂದು ಕಂಪನಿಯಲ್ಲಿ. ಗ್ರಾಹಕರ ಜೊತೆ ಚಾಟ್ ಮಾಡೋಕೆ ಒಂದು ಎಐ ಏಜೆಂಟ್ ಇಟ್ಟಿದ್ದೇವೆ. ಟಿಕೆಟ್ ರದ್ದು ಮಾಡಬೇಕು ಅಂದ್ರೆ ಅದು ನಮ್ಮ ಎಪಿಐ ಕರೆಯಬೇಕು. ಯಾವುದನ್ನು ಯಾವಾಗ ಕರೆಯಬೇಕು ಅನ್ನೋದು ಅದಕ್ಕೆ ಗೊತ್ತಾಗುವುದು ನಾವು ಬರೆದಿಟ್ಟ ವಿವರಣೆಯಿಂದ: ಟೂಲಿನ ಹೆಸರು, ಅದೇನು ಮಾಡುತ್ತೆ ಅಂತ ಒಂದೆರಡು ಸಾಲು, ಏನೇನು ಮಾಹಿತಿ ಕೊಡಬೇಕು ಅನ್ನೋ ಪಟ್ಟಿ. ಒಳಗಿನ ಕೋಡ್ ಅದರ ಕಣ್ಣಿಗೆ ಬೀಳುವುದಿಲ್ಲ. ಈ ಟೂಲಿಗೆ ನಾನು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟೇ: ಬುಕಿಂಗ್ ರದ್ದು ಮಾಡುತ್ತದೆ, ಬುಕಿಂಗ್ ನಂಬರ್ ಕಡ್ಡಾಯ, ಪ್ರಯಾಣಿಕರ ನಂಬರ್ ಕೊಟ್ಟರೂ ಆಯಿತು, ಬಿಟ್ಟರೂ ಆಯಿತು.

ಕುಂದಾಪುರಕ್ಕೆ ಹೊರಟಿದ್ದವರು ನಾಲ್ಕು ಜನ. 'ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿದೆ, ಅವರದೊಂದು ಟಿಕೆಟ್ ಕ್ಯಾನ್ಸಲ್ ಮಾಡಿ' ಅಂತ ಮಗ ಚಾಟ್‌ನಲ್ಲಿ ಬರೆದರು. ಅಪ್ಪನ ಪ್ರಯಾಣಿಕ ನಂಬರ್ ಏಜೆಂಟ್ ಹತ್ತಿರ ಇರಲಿಲ್ಲ. ಬಿಟ್ಟರೂ ಆಗುತ್ತೆ ಅಂತ ನಾನೇ ಬರೆದಿದ್ದೆನಲ್ಲ, ಬಿಟ್ಟಿತು. ಆದರೆ ಆ ಜಾಗ ಖಾಲಿ ಇದ್ದರೆ ನಮ್ಮ ಸಿಸ್ಟಮ್ ಇಡೀ ಬುಕಿಂಗನ್ನೇ ರದ್ದು ಮಾಡುತ್ತೆ. ನಾಲ್ಕೂ ಸೀಟು ಹೋದವು. ಹಬ್ಬದ ಹಿಂದಿನ ದಿನ ಕರಾವಳಿಗೆ ಹೋಗುವ ಬಸ್ಸಲ್ಲಿ ಖಾಲಿ ಸೀಟು ಎಷ್ಟು ಹೊತ್ತು ಉಳಿದೀತು? ದುಡ್ಡು ವಾಪಸ್ ಕೊಟ್ಟೆವು. ಅವರು ಊರಿಗೆ ಹೋಗಿದ್ದು ಹಬ್ಬ ಮುಗಿದ ಮೇಲೆ.

ಮೀಟಿಂಗಿನಲ್ಲಿ ಯಾರೋ 'ಮಾಡೆಲ್ ಏನೇನೋ ಕಲ್ಪಿಸಿಕೊಂಡಿದೆ' ಅಂದರು. ನಾನೂ ತಲೆಯಾಡಿಸೋದರಲ್ಲಿದ್ದೆ. ಆಮೇಲೆ ಲಾಗ್ ತೆಗೆದು ಓದಿದೆ. ಅದು ಏನನ್ನೂ ಕಲ್ಪಿಸಿಕೊಂಡಿರಲಿಲ್ಲ, ನಾನು ಬರೆದದ್ದನ್ನು ನಂಬಿತ್ತು. ಖಾಲಿ ಬಿಟ್ಟರೆ ಎಲ್ಲ ಸೀಟೂ ಹೋಗುತ್ತೆ ಅನ್ನೋದು ನನಗೆ ಗೊತ್ತಿತ್ತು, ಪಕ್ಕದಲ್ಲಿ ಕೂರುವವನಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಯಾರೂ ಬರೆದಿರಲಿಲ್ಲ.

ಕಾನೂನಿನ ಪ್ರಕಾರ ಹೊಣೆ ಯಾರದು ಅನ್ನೋದು ಅಷ್ಟೇನೂ ಕಷ್ಟದ ಪ್ರಶ್ನೆಯಲ್ಲ. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ, ತನ್ನ ವೆಬ್‌ಸೈಟಿನ ಮಾತಿಗೆಲ್ಲ, ಅದನ್ನು ಬಾಟ್ ಹೇಳಿರಲಿ ಪುಟ ಹೇಳಿರಲಿ, ಕಂಪನಿಯೇ ಹೊಣೆ ಅಂತ ತೀರ್ಪು ಕೊಟ್ಟಿತು. ಸರಿ, ಕಂಪನಿ ಹೊಣೆ. ಆದರೆ ಕಂಪನಿ ಅಂದರೆ ಯಾರು? ಆ ಸಾಲು ಬರೆದದ್ದು ಕಂಪನಿಯಲ್ಲ, ಮಧ್ಯಾಹ್ನ ಊಟ ಮುಗಿಸಿ ಬಂದು ತೂಕಡಿಸುತ್ತಾ ಕೂತಿದ್ದ ನಾನು.

ಅರ್ಧ ಹೇಳಿ ಬಿಡುವುದು ನಮಗೆಲ್ಲ ಅಭ್ಯಾಸ. 'ಹದವಾಗಿ ಹುರಿ' ಅಂತ ಅಮ್ಮ ಫೋನಿನಲ್ಲಿ ಹೇಳ್ತಾರೆ. ಹದ ಅಂದರೇನು ಅಂತ ಕೇಳಿದರೆ ನಗ್ತಾರೆ, ಆದರೂ ಹೇಳ್ತಾರೆ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ನಾನು ಬರೆದದ್ದನ್ನು ಓದಿದ್ದರೆ, ಗ್ಯಾರಂಟಿ ನನ್ನ ಮೇಜಿನ ಹತ್ತಿರ ಬಂದು 'ಖಾಲಿ ಬಿಟ್ಟರೆ ಏನಾಗುತ್ತೆ ಸರ್?' ಅಂತಿದ್ದಳು. ನಮ್ಮ ಅರೆಬರೆ ಬರವಣಿಗೆಯನ್ನು ಇಷ್ಟು ವರ್ಷ ಕಾಪಾಡಿದ್ದು ಬೇರೆಯವರ ಈ ಅನುಮಾನ. ಏಜೆಂಟ್ ನನ್ನ ಮೇಜಿಗೆ ಬರಲ್ಲ. ಗ್ರಾಹಕರನ್ನು ಕೇಳಬಹುದಿತ್ತು, ನಿಜ. ಆದರೆ ಕೇಳಬೇಕು ಅನ್ನಿಸುವಂಥದ್ದು ನನ್ನ ಸಾಲಿನಲ್ಲಿ ಏನಿತ್ತು? ಎದುರಿಗಿರುವವನು ತಿರುಗಿ ಕೇಳಲಾರ ಅಂತ ಗೊತ್ತಿದ್ದೂ ನಾವು ಹೇಳದೇ ಬಿಟ್ಟರೆ, ಅದು ಸುಳ್ಳು ಹೇಳಿದ್ದಕ್ಕಿಂತ ಎಷ್ಟು ದೂರದ್ದು?

ಹಾಗಂತ ಎಲ್ಲವನ್ನೂ ಬರೆದು ತುಂಬಿಸಿದರೆ ಮುಗೀತಾ? ಅದನ್ನೂ ಮಾಡಿ ನೋಡಿದೆವು. ಭಯಕ್ಕೆ ಒಂದೊಂದು ಟೂಲಿಗೂ ಎರಡೆರಡು ಪ್ಯಾರಾ, ನಡುನಡುವೆ ದೊಡ್ಡಕ್ಷರದಲ್ಲಿ 'ಎಚ್ಚರಿಕೆ!' ಎಲ್ಲ ಕಡೆ ಎಚ್ಚರಿಕೆ ಅಂದಮೇಲೆ ಯಾವುದಕ್ಕೆ ಅಂತ ಹೆದರೋದು? ಏಜೆಂಟ್ ಸುಮ್ಮನೆ ಟಿಕೆಟ್ ಸ್ಟೇಟಸ್ ನೋಡೋಕೂ ಗ್ರಾಹಕರ ಅನುಮತಿ ಕೇಳತೊಡಗಿತು. ಹಾಗೆ ಬರೆದದ್ದು ಗ್ರಾಹಕರಿಗೋಸ್ಕರ ಅಲ್ಲ, ನಾಳೆ ಮೀಟಿಂಗಿನಲ್ಲಿ 'ನಾನು ಬರೆದಿದ್ದೆನಲ್ಲ' ಅನ್ನೋದಕ್ಕೆ. ಸಿಗರೇಟ್ ಪ್ಯಾಕಿನ ಮೇಲಿನ ಚಿತ್ರವೂ ನನಗೆ ಹಾಗೇ ಕಾಣುತ್ತೆ, ಅದಿರಲಿ.

2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಈಗ ಟೂಲಿನ ಜೊತೆ ಒಂದು ಗುರುತು ಹಾಕಬಹುದು: ಇದು ಬರೀ ಓದುತ್ತೆ, ಅಥವಾ ಇದು ಇರುವುದನ್ನು ಅಳಿಸಿಹಾಕಬಹುದು, ಅಂತ. ಅದು ಸುಳಿವು ಮಾತ್ರ. ಟೂಲ್ ಕೊಟ್ಟವರು ನಂಬಿಕಸ್ಥರಲ್ಲದಿದ್ದರೆ ನಂಬಬೇಡಿ ಅಂತ ಅದರ ನಿಯಮಾವಳಿಯೇ ಹೇಳುತ್ತೆ. ಅಂದರೆ ಕೊನೆಗೆ ಎಲ್ಲ ಬಂದು ನಿಲ್ಲೋದು ಬರೆದವನ ಮಾತಿನ ಮೇಲೆ. ನಾನು 'ಅಳಿಸಲ್ಲ' ಅಂತ ಗುರುತು ಹಾಕಿದರೆ ನನ್ನನ್ನು ತಡೆಯೋಕೆ ಅಲ್ಲಿ ಯಾರೂ ಇಲ್ಲ.

ಕಳೆದ ವಾರ ಆ ವಿವರಣೆಯನ್ನು ಮತ್ತೆ ಬರೆಯೋಕೆ ಕೂತೆ. ಪ್ರಯಾಣಿಕರ ನಂಬರ್ ಕೊಡದಿದ್ದರೆ ಬುಕಿಂಗಿನಲ್ಲಿರುವ ಎಲ್ಲ ಸೀಟುಗಳೂ ರದ್ದಾಗುತ್ತವೆ. ರದ್ದಾದ ಸೀಟು ಮತ್ತೆ ಸಿಗುವ ಖಾತ್ರಿಯಿಲ್ಲ. ಒಬ್ಬರದು ಮಾತ್ರ ರದ್ದಾಗಬೇಕಿದ್ದರೆ ಮೊದಲು ಪ್ರಯಾಣಿಕರ ಪಟ್ಟಿ ತರಿಸುವ ಟೂಲ್ ಬಳಸಿ ಅವರ ನಂಬರ್ ತಿಳಿದುಕೊಳ್ಳಿ. ಮೂರು ವಾಕ್ಯ. ನಾಲ್ಕನೆಯದಕ್ಕೆ ಸಿಕ್ಕಿಕೊಂಡೆ. ದೊಡ್ಡವರ ಟಿಕೆಟ್ ರದ್ದು ಮಾಡಿದರೆ ಅವರ ಜೊತೆಗಿದ್ದ ಮಗುವಿನ ಟಿಕೆಟ್ ಏನಾಗುತ್ತೆ? ಎರಡು ವರ್ಷದಿಂದ ಈ ಎಪಿಐ ಜೊತೆ ಒದ್ದಾಡುತ್ತಿದ್ದರೂ ನನಗೆ ಗೊತ್ತಿರಲಿಲ್ಲ. ಅದನ್ನು ಬರೆದ ಗೆಳೆಯ ಈಗ ಬೇರೆ ಟೀಮಿನಲ್ಲಿದ್ದಾನೆ, ಹೋಗಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸೀಲಿಂಗ್ ನೋಡಿದ. 'ಒಂದ್ನಿಮಿಷ ಇರು ಮಾರಾಯ, ಕೋಡ್ ನೋಡಿ ಹೇಳ್ತೀನಿ' ಅಂದ.