ಅಗೆದು ತೆಗೆದದ್ದು



ಕಳೆದುಹೋದುದರ ಬಗ್ಗೆ ಯೇಸುಸ್ವಾಮಿ ಹೇಳಿದ ಮೂರು ಸಾಮತಿಗಳನ್ನು ಸಂತ ಲೂಕರ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಓದುತ್ತೇವೆ. ಒಂದು ಕುರಿ, ಒಂದು ನಾಣ್ಯ, ಒಬ್ಬ ಮಗ. ಇವತ್ತು ಕಳೆದುಹೋದ ಒಂದು ಕಾರಿನ ಕಥೆ ಹೇಳುತ್ತೇನೆ. ಇದು ಸಾಮತಿಯಲ್ಲ, ನಡೆದ ಸಂಗತಿ.

1978ರ ಫೆಬ್ರವರಿ ತಿಂಗಳು. ಅಮೆರಿಕದ ಲಾಸ್ ಏಂಜಲಿಸ್ ನಗರದ ಒಂದು ಮನೆಯ ಅಂಗಳ.  ಪೊಲೀಸರಿಗೆ ಸುದ್ದಿ ಹೋಯಿತು, ಅಗೆಯುವ ಯಂತ್ರ ಬಂತು. ಮಣ್ಣು ಸರಿಸಿದಾಗ ಕಂಡದ್ದು ಒಂದು ಇಡೀ ಕಾರು! ಅದೂ ಸಾಮಾನ್ಯ ಕಾರಲ್ಲ. ಇಟಲಿಯ ಹೆಸರಾಂತ ಫೆರಾರಿ ಕಂಪನಿ ತಯಾರಿಸಿದ, ಹಸಿರು ಬಣ್ಣದ ಡೀನೊ 246 ಜಿಟಿಎಸ್. 1974ರಲ್ಲಿ ಹೊಸದಾಗಿ ಕೊಂಡ ಕಾರು, ಅದೇ ವರ್ಷದ ಡಿಸೆಂಬರಿನಲ್ಲಿ ಕಳುವಾಗಿದೆ ಎಂದು ದೂರು ದಾಖಲಾಗಿತ್ತು. ವಿಮೆಯ ಹಣ ಪಾವತಿಯಾಗಿತ್ತು. ಕಡತ ಮುಚ್ಚಿತ್ತು. ಮೂರು ವರ್ಷಗಳಿಗೂ ಹೆಚ್ಚು ಕಾಲ ಆ ಕಾರು ಮಣ್ಣಿನಡಿಯಲ್ಲಿ ಮಲಗಿತ್ತು.

ಅದು ಅಲ್ಲಿಗೆ ಹೋದದ್ದು ಹೇಗೆ? ಬಹಳ ವರ್ಷಗಳ ನಂತರ ಪತ್ರಿಕೆಗಳಲ್ಲಿ ಬಂದ ವರದಿಯಂತೆ, ವಿಮೆಯ ಹಣಕ್ಕಾಗಿ ಆ ಕಾರನ್ನು ಇಲ್ಲವಾಗಿಸುವ ಏರ್ಪಾಡು ನಡೆದಿತ್ತು. ಕೆಲಸ ಒಪ್ಪಿಕೊಂಡವರು ಅದನ್ನು ನಾಶಮಾಡಬೇಕಿತ್ತು. ಆದರೆ ಅಷ್ಟು ಚೆಂದದ ವಾಹನವನ್ನು ಒಡೆದುಹಾಕಲು ಅವರಿಗೆ ಮನಸ್ಸು ಬರಲಿಲ್ಲವಂತೆ. ಪ್ಲಾಸ್ಟಿಕ್ ಹಾಳೆ ಹೊದಿಸಿ, ಸಂದುಗಳಿಗೆ ಬಟ್ಟೆ ತುರುಕಿ, ಮುಂದೆ ಎಂದಾದರೂ ತೆಗೆದರಾಯಿತು ಎಂದು ಹೂತಿಟ್ಟರು. ತೆಗೆಯುವ ದಿನ ಬರಲೇ ಇಲ್ಲ.

ಪ್ರಿಯರೇ, ನಾವು ಯಾರೂ ಫೆರಾರಿ ಕೊಳ್ಳುವವರಲ್ಲ. ಆದರೆ ಹೂತಿಡುವುದು ನಮಗೆ ಗೊತ್ತಿಲ್ಲವೇ? ನಾಶಮಾಡಲು ಮನಸ್ಸಿಲ್ಲ, ಬೆಳಕಿಗೆ ತರಲು ಧೈರ್ಯವಿಲ್ಲ. ಮಾಡಿದ ಒಂದು ತಪ್ಪನ್ನು ಹತ್ತು ವರ್ಷಗಳಿಂದ ಪಾಪನಿವೇದನೆಯಲ್ಲಿ ಹೇಳದೆ ಹೂತಿಟ್ಟವರು ನಮ್ಮಲ್ಲಿದ್ದಾರೆ. ಕುಡಿತಕ್ಕೆ ಬಿದ್ದ ಅಣ್ಣನ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ನಿಯಮ ಮಾಡಿಕೊಂಡ ಕುಟುಂಬಗಳಿವೆ. ನಮ್ಮ ಮಾತು ಮೀರಿ ಮದುವೆಯಾದ ಮಗಳ ಫೋಟೊ ಗೋಡೆಯಿಂದ ಇಳಿದು ಪೆಟ್ಟಿಗೆಯ ತಳ ಸೇರಿದೆ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಒಬ್ಬರನ್ನು ಬಿಟ್ಟು ಎಣಿಸುತ್ತೇವೆ. ಕಡತ ಮುಚ್ಚಿದೆ, ಮೇಲೆ ಹುಲ್ಲೂ ಬೆಳೆದಿದೆ.

ಈಗ ಕಥೆಯ ಮುಂದಿನ ಭಾಗ ಕೇಳಿ. ವಿಮಾ ಕಂಪನಿಯವರು ಆ ಕಾರನ್ನು ಇದ್ದ ಸ್ಥಿತಿಯಲ್ಲೇ ಮಾರಾಟಕ್ಕಿಟ್ಟರು. ನೋಡಲು ಜನ ಬಂದರು. ಬಂದವರಲ್ಲಿ ಕೆಲವರು ಏನು ಮಾಡಿದರು ಗೊತ್ತೇ? ನೆನಪಿಗಿರಲೆಂದು ಒಂದೊಂದು ಬಿಡಿಭಾಗ ಕಿತ್ತುಕೊಂಡು ಹೋದರು. ಮಣ್ಣು ಹಾಳುಮಾಡಿದ್ದು ಸಾಲದೆಂದು ನೋಡುಗರೂ ಹಾಳುಮಾಡಿದರು!

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು, ಏಕೆಂದರೆ ಇದು ನಮ್ಮದೇ ಕಥೆ. ಬಿದ್ದವನನ್ನು ನೋಡಲು ನಾವೂ ಹೋಗುತ್ತೇವೆ. ಎತ್ತುವುದಕ್ಕಲ್ಲ. ಒಂದು ತುಣುಕು ಸುದ್ದಿ ಕಿತ್ತುಕೊಂಡು ಬಂದು, ಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಮೇಲೆ ನಿಂತು ನಾಲ್ಕು ಜನಕ್ಕೆ ತೋರಿಸುವುದಕ್ಕೆ. ಅವನ ಮರ್ಯಾದೆಯಲ್ಲಿ ಉಳಿದಿದ್ದ ಒಂದು ಬಾಗಿಲು, ಒಂದು ಕನ್ನಡಿ, ಅದನ್ನೂ ಬಿಡುವುದಿಲ್ಲ.

ಆದರೂ ಆ ಕಾರಿಗೆ ಕೊಳ್ಳುವವನೊಬ್ಬ ಸಿಕ್ಕಿದ. ತುಕ್ಕು, ಕೊಳಕು, ಕಿತ್ತುಹೋದ ಭಾಗಗಳು ಎಲ್ಲವೂ ಕಣ್ಣೆದುರಿಗಿದ್ದಾಗಲೇ ಹಣ ಕೊಟ್ಟ. ಮೊದಲು ಹೊಳಪು ಬರಲಿ, ಆಮೇಲೆ ಕೊಳ್ಳುತ್ತೇನೆ ಎನ್ನಲಿಲ್ಲ. ಗಮನಿಸಿ, ಕಾರು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಲಾರದು. ಯಾರಾದರೂ ಮೊದಲು ಬೆಲೆ ತೆರಬೇಕು, ಆಮೇಲೆ ದುರಸ್ತಿ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಪ್ರಾಣ ಕೊಟ್ಟರೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಬೋಧಿಸುವುದು ಇದನ್ನೇ. ಶಿಲುಬೆಯ ಮೇಲೆ ತೆತ್ತ ಬೆಲೆ ನಮ್ಮ ಹೊಳಪಿಗೆ ಕೊಟ್ಟದ್ದಲ್ಲ, ತುಕ್ಕು ಹಿಡಿದ ನಮಗೇ ಕೊಟ್ಟದ್ದು.

ಹಳೆಯ ಕಾರುಗಳನ್ನು ಕೊಳ್ಳುವವರು ಮೊದಲು ಹುಡುಕುವುದು ಬಣ್ಣವನ್ನಲ್ಲ. ಚೌಕಟ್ಟಿನಲ್ಲಿ ಕಾರ್ಖಾನೆಯವರು ಒತ್ತಿದ ಸಂಖ್ಯೆಯನ್ನು, ಎಂಜಿನ್ನಿನ ಮೇಲಿನ ಸಂಖ್ಯೆಯನ್ನು. ಆ ಸಂಖ್ಯೆ ಇದ್ದರೆ ಅದು ಆ ಕಾರೇ. ಬಣ್ಣ ಎಷ್ಟು ಸಲ ಬದಲಾದರೂ, ಎಷ್ಟು ಕೈ ದಾಟಿದರೂ ಅದು ಇನ್ನೊಂದಾಗುವುದಿಲ್ಲ. ಜ್ಞಾನಸ್ನಾನದಲ್ಲಿ ನಮ್ಮ ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಬೀಳುತ್ತದೆ ಎಂದು ಧರ್ಮಸಭೆ ಕಲಿಸುತ್ತದೆ. ಪಾಪ ಆ ಮುದ್ರೆಯನ್ನು ಮುಚ್ಚಬಹುದು, ಅಳಿಸಲಾರದು. ಜೈಲಿನಲ್ಲಿರುವವನ ಮೇಲೂ ಅದಿದೆ. ಬೀದಿಯಲ್ಲಿ ಬಿದ್ದಿರುವವನ ಮೇಲೂ ಅದಿದೆ.

ಇನ್ನೊಂದು ಮಾತು. ಡೀನೊ 246ರ ಮೈ ಉಕ್ಕಿನ ತಗಡಿನದು, ತೇವ ತಗುಲಿದರೆ ತುಕ್ಕು ಖಂಡಿತ. ಮೋಸದ ಮಾರಾಟಗಾರ ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆಯುತ್ತಾನೆ. ನೋಡಲು ಹೊಸದು. ಆದರೆ ಬಲ್ಲವನು ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಮೈಮೇಲೆ ಸರಿಸುತ್ತಾನೆ. ಉಕ್ಕಿಗೆ ಅದು ಅಂಟುತ್ತದೆ, ಪುಟ್ಟಿ ದಪ್ಪಗಿರುವಲ್ಲಿ ಜಾರಿ ಬೀಳುತ್ತದೆ. ನಿಜವಾದ ಕೆಲಸಗಾರನ ದಾರಿ ಬೇರೆ. ಹಳೆಯ ಬಣ್ಣವನ್ನೆಲ್ಲ ಕೆರೆದು ಲೋಹ ಕಾಣುವಂತೆ ಮಾಡುತ್ತಾನೆ. ತುಕ್ಕು ಹಿಡಿದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸುತ್ತಾನೆ. ಹೊಸ ತಗಡು ಬೆಸೆಯುತ್ತಾನೆ. ಆ ಹಂತದಲ್ಲಿ ಕಾರು ಮೊದಲಿಗಿಂತಲೂ ವಿಕಾರವಾಗಿ ಕಾಣುತ್ತದೆ. ಬಣ್ಣ ಬರುವುದು ಕೊನೆಗೆ.

ತಪಸ್ಸುಕಾಲದಲ್ಲಿ ನಮ್ಮ ಎಷ್ಟೋ ಪಾಪನಿವೇದನೆಗಳು ಪುಟ್ಟಿ ಮೆತ್ತುವ ಕೆಲಸವಾಗಿರುತ್ತವೆ. ಕೋಪ ಬಂತು, ಸುಳ್ಳು ಹೇಳಿದೆ, ಪೂಜೆ ತಪ್ಪಿಸಿದೆ ಎಂದು ವರ್ಷ ವರ್ಷವೂ ಅದೇ ಪಟ್ಟಿ ಒಪ್ಪಿಸಿ ಎದ್ದು ಬರುತ್ತೇವೆ. ತಮ್ಮನಿಗೆ ಕೊಡಬೇಕಾದ ಜಮೀನಿನ ಪಾಲು ಮಾತ್ರ ಪುಟ್ಟಿಯ ಅಡಿಯಲ್ಲೇ ಇರುತ್ತದೆ. ದೇವರ ಕೈಯಲ್ಲಿ ಅಯಸ್ಕಾಂತವಿಲ್ಲವೆಂದು ತಿಳಿದಿರೇನು? ಅವರು ಕತ್ತರಿಸುವುದು ನಮ್ಮನ್ನು ನೋಯಿಸಲು ಅಲ್ಲ. ಗಟ್ಟಿ ಲೋಹ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ಹೊಸದಾಗಿ ಬೆಸೆಯಲು.

ಕೊನೆಗೆ ಆ ಕಾರಿನ ಹೆಸರಿನ ವಿಷಯ. ಡೀನೊ ಎಂದರೆ ಯಾರು? ಕಂಪನಿಯ ಸ್ಥಾಪಕ ಎನ್ಜೊ ಫೆರಾರಿಯ ಮಗ ಆಲ್ಫ್ರೆಡೊ. ಮುದ್ದಿನ ಹೆಸರು ಡೀನೊ. ಸ್ನಾಯುಗಳು ಕ್ಷಯಿಸುವ ರೋಗದಿಂದ ನರಳಿ 1956ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಾಸಿಗೆ ಹಿಡಿದಿದ್ದಾಗಲೂ ಆರು ಸಿಲಿಂಡರುಗಳ ಎಂಜಿನ್ನಿನ ಬಗ್ಗೆ ಅಪ್ಪನೊಡನೆ ಚರ್ಚಿಸುತ್ತಿದ್ದನಂತೆ. ಮುಂದೆ ಅಂಥದೇ ಎಂಜಿನ್ನಿನ ಕಾರುಗಳಿಗೆ ಅಪ್ಪ ಮಗನ ಹೆಸರಿಟ್ಟ. ಕಾರ್ಖಾನೆಯಿಂದ ಹೊರಡುವಾಗ ಅವುಗಳ ಮೂತಿಯ ಮೇಲೆ ಫೆರಾರಿಯ ಪ್ರಸಿದ್ಧ ಕುದುರೆ ಇರಲಿಲ್ಲ. ಡೀನೊ ಎಂಬ ಹೆಸರು ಮಾತ್ರ ಇತ್ತು. ಎನ್ಜೊ ಸಂತನಾಗಿದ್ದನೆಂದು ನಾನು ಹೇಳುತ್ತಿಲ್ಲ. ಆದರೆ ಆತ ಮಗನ ಕಳೆದುಕೊಂಡ ತಂದೆ. ಲಾಸ್ ಏಂಜಲಿಸಿನ ಅಂಗಳದಲ್ಲಿ ಮಣ್ಣು ತಿನ್ನುತ್ತಾ ಮಲಗಿದ್ದಾಗಲೂ ಆ ಕಾರು ಒಬ್ಬ ತಂದೆಯ ಪ್ರೀತಿಯ ಮಗನ ಹೆಸರನ್ನು ಹೊತ್ತಿತ್ತು.

ನೀವು ಹೂತಿಟ್ಟಿರುವ ಆ ಮನುಷ್ಯನ ಮೇಲೆ ಯಾರ ಹೆಸರಿದೆ, ಯೋಚಿಸಿ.

ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗ ತಮ್ಮನನ್ನು ತಮ್ಮ ಎನ್ನಲು ಒಪ್ಪಲಿಲ್ಲ. ತಂದೆ ಆ ಸಂಬಂಧವನ್ನು ಅವನಿಗೆ ನೆನಪಿಸಿಕೊಟ್ಟರು. ಲಾಸರನು ಸಮಾಧಿಯಿಂದ ಹೊರಬಂದಾಗಲೂ ಯೇಸುಸ್ವಾಮಿ ಅವನ ಕಟ್ಟುಗಳನ್ನು ತಾವೇ ಬಿಚ್ಚಲಿಲ್ಲ, ಸುತ್ತ ನಿಂತಿದ್ದವರಿಗೆ ಬಿಚ್ಚಲು ಹೇಳಿದರು. ಜೀವ ಕೊಡುವುದು ದೇವರ ಕೆಲಸ. ಸುತ್ತಿದ ಬಟ್ಟೆ ಬಿಚ್ಚುವುದು ನಮ್ಮ ಕೆಲಸ.

ಆ ಹಸಿರು ಕಾರು ಜೀರ್ಣೋದ್ಧಾರಗೊಂಡು ಮತ್ತೆ ರಸ್ತೆಗೆ ಇಳಿಯಿತು. ಅಂಥ ಡೀನೊಗಳಿಗೆ ಇಂದು ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರು ಬೆಲೆ. ಅದರ ಯಜಮಾನ ಹಳೆಯದನ್ನು ಮುಚ್ಚಿಡಲಿಲ್ಲ. ನಂಬರ್ ಪ್ಲೇಟಿನ ಮೇಲೆಯೇ ಬರೆಸಿದ: ಡಗ್ ಅಪ್. ಅಂದರೆ, ಅಗೆದು ತೆಗೆದದ್ದು. ಕ್ಷಮೆ ಪಡೆದ ಪಾಪಿಗೆ ಇದಕ್ಕಿಂತ ಒಳ್ಳೆಯ ಬಿರುದು ಉಂಟೇ?

ಈ ವಾರ ಒಂದು ಕೆಲಸ ಮಾಡಿ. ಪೆಟ್ಟಿಗೆಯ ತಳದಲ್ಲಿರುವ ಆ ಫೋಟೊವನ್ನು ಹೊರತೆಗೆಯಿರಿ. ಧೂಳು ಒರೆಸಿ, ಗೋಡೆಯ ಮೇಲೆ ಮೊದಲಿದ್ದ ಜಾಗದಲ್ಲೇ ತೂಗುಹಾಕಿ. ರಾತ್ರಿ ಜಪಸರ ಮಾಡುವಾಗ ಆ ಹೆಸರನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಹೇಳಿ. ಆಮೇಲೆ ಒಂದು ಪತ್ರ ಬರೆಯಿರಿ, ಇಲ್ಲವೇ ಫೋನ್ ಮಾಡಿ.  ನಿಮ್ಮ ಮನೆಯಲ್ಲಿ ಯಾವುದಾದರೂ ಮಗು ಗೋಡೆಯತ್ತ ಕೈ ತೋರಿಸಿ ಇವರು ಯಾರು ಎಂದು ಕೇಳೀತು. ಆಗ ಮಾತು ಮರೆಸಬೇಡಿ. ನಮ್ಮವರು ಎಂದು ಹೇಳಿ.

ಕಳೆದುಹೋದವರನ್ನು ಅರಸಿ ಬಂದ ಪ್ರಭುವು ನಿಮ್ಮ ಕುಟುಂಬಗಳನ್ನು ಹರಸಲಿ. ಆಮೆನ್.