ಸಂಶೋಧನೆಯ ಋಣ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ಸಂದು ಬಂದ ನೀತಿ. ಲೋಕವ್ಯವಹಾರದಲ್ಲಿ ಇದು ಸರಿಯೇ. ಆದರೆ ಸತ್ಯವನ್ನರಸುವ ವಿದ್ವಾಂಸನಿಗೂ ಇದು ಸಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅವನೂ ಯಾರದಾದರೂ ಉಪ್ಪನ್ನು ಉಣ್ಣಲೇಬೇಕು. ಉಪಕರಣಕ್ಕೆ ಹಣ ಬೇಕು, ಗ್ರಂಥಗಳಿಗೆ ಬೇಕು, ಜೊತೆಗೆ ದುಡಿಯುವ ಶಿಷ್ಯನ ಹೊಟ್ಟೆಗೂ ಬೇಕು. ಹೀಗಿರಲು, ಕೊಟ್ಟವನಿಗೆ ಅವನು ಎಷ್ಟರಮಟ್ಟಿಗೆ ಋಣಿ?

ವಿಶ್ವವಿದ್ಯಾನಿಲಯದ ಅಧ್ಯಾಪಕನಿಗೆ ಸಂಶೋಧನೆಯ ಹಣ ಎರಡು ದಾರಿಗಳಿಂದ ಬರುತ್ತದೆ. ಒಂದು ಹೊರಗಿನದು: ಸರ್ಕಾರದ ಇಲಾಖೆ, ಧರ್ಮನಿಧಿ, ಇಲ್ಲವೇ ಉದ್ಯಮ. ನಮ್ಮ ದೇಶದಲ್ಲಿ ಇದಕ್ಕಾಗಿ 2008ರ ಕಾಯಿದೆಯಿಂದ ಒಂದು ಮಂಡಳಿ ಏರ್ಪಟ್ಟಿದ್ದಿತು. 2023ರ ಕಾಯಿದೆಯು ಅದರ ಸ್ಥಾನದಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವನ್ನು ನಿಲ್ಲಿಸಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳನ್ನು ಒದಗಿಸುವುದು ಆಗ ಸಾರಿದ ಗುರಿ. ಅದರಲ್ಲಿ ಹೆಚ್ಚಿನ ಪಾಲು ಬೊಕ್ಕಸದಿಂದಲ್ಲ, ಹೊರಗಿನ ದಾತೃಗಳಿಂದ ಬರಬೇಕೆಂಬುದು ಗಮನಾರ್ಹ. ಇಂಥ ಹಣವನ್ನು ಬೇಡುವವನು ಏನನ್ನು ಹುಡುಕುವೆ, ಎಷ್ಟು ವರ್ಷ ಹಿಡಿಯುವುದು, ಎಷ್ಟು ವೆಚ್ಚವಾಗುವುದು ಎಂದು ಮುಂಚೆಯೇ ಬರೆದುಕೊಡಬೇಕು. ಕಾಣದ ಊರಿಗೆ ಎಷ್ಟು ಹರದಾರಿಯೆಂದು ಹೊರಡುವ ಮೊದಲೇ ಹೇಳಬೇಕಾದ ಪರಿಯಿದು! ತಜ್ಞರು ಅದನ್ನು ತೂಗಿ ನೋಡುತ್ತಾರೆ. ಮಂಜೂರಾದರೆ ಹಣ ಕಂತುಕಂತಾಗಿ ಬರುತ್ತದೆ. ಎರಡನೆಯದು ವಿಶ್ವವಿದ್ಯಾನಿಲಯವು ತನ್ನ ಗಂಟಿನಿಂದಲೇ ಕೊಡುವ ಬೀಜಧನ. ಮೊತ್ತ ಚಿಕ್ಕದು, ಆದರೆ ವಿಚಾರಣೆಯೂ ಸಾಮಾನ್ಯವಾಗಿ ಅಷ್ಟೇ ಹಗುರ.

ದಾತನು ಉತ್ತರವನ್ನು ತಿದ್ದಿಸಿಯಾನೆಂಬುದೇ ಜನರಿಗಿರುವ ಭಯ. ನನಗೆ ತೋರುವಂತೆ, ಅವನ ನಿಜವಾದ ಬಲವಿರುವುದು ಉತ್ತರದಲ್ಲಲ್ಲ, ಪ್ರಶ್ನೆಯನ್ನು ಆರಿಸುವುದರಲ್ಲಿ. ಅಮೆರಿಕದ ತಂಬಾಕಿನ ಕಂಪನಿಗಳು 1954ರಲ್ಲಿ ಸಂಶೋಧನೆಗೆಂದು ಒಂದು ಸಂಸ್ಥೆಯನ್ನು ಕಟ್ಟಿ, ಹೆಸರಾಂತ ವಿದ್ಯಾಪೀಠಗಳ ಪಂಡಿತರಿಗೆ ಬಹುಕಾಲ ಧನವಿತ್ತವು. ಅವರಲ್ಲಿ ಅನೇಕರು ಸುಳ್ಳನ್ನು ಬರೆದವರಲ್ಲ. ವಂಶವಾಹಿನಿಯ ವಿಷಯವನ್ನೋ ಜೀವಕೋಶದ ವಿಷಯವನ್ನೋ ಕುರಿತು ಪ್ರಾಮಾಣಿಕವಾಗಿಯೇ ದುಡಿದರು. ಆದರೆ ಧೂಮಪಾನದಿಂದ ಅರ್ಬುದರೋಗ ಬರುವುದೇ ಎಂಬ ನೇರವಾದ ಪ್ರಶ್ನೆಯಿಂದ ಲೋಕದ ದೃಷ್ಟಿಯನ್ನು ಬೇರೆಡೆಗೆ ಸೆಳೆಯಲು ಆ ದುಡಿಮೆಯೇ ಒದಗಿತು. 1998ರ ಒಪ್ಪಂದದಿಂದ ಆ ಸಂಸ್ಥೆ ಮುಚ್ಚಿತು. ಪಂಡಿತನು ತನ್ನ ಉತ್ತರಕ್ಕೆ ಮಾತ್ರ ಹೊಣೆಯೋ, ಕೇಳದೆ ಬಿಟ್ಟ ಪ್ರಶ್ನೆಗೂ ಹೊಣೆಯೋ? ಎರಡಕ್ಕೂ ಎನ್ನದೆ ಗತ್ಯಂತರವಿಲ್ಲ.

ಹಾಗೆಂದು ದಾತನ ನಿಬಂಧನೆಯೆಲ್ಲ ಕೇಡೆನ್ನಲಾಗದು. ತಾರಕನಾಥ ಪಾಲಿತರು 1912ರಲ್ಲಿ ಕಲಕತ್ತೆಯ ವಿಶ್ವವಿದ್ಯಾನಿಲಯಕ್ಕೆ ಅಪಾರ ಸಂಪತ್ತನ್ನು ಕೊಟ್ಟಾಗ, ತಮ್ಮ ಪೀಠಗಳಲ್ಲಿ ಭಾರತೀಯರೇ ಕುಳಿತಿರಬೇಕೆಂದು ವಿಧಿಸಿದರು. ಪರಾಧೀನವಾಗಿದ್ದ ದೇಶದಲ್ಲಿ ಆ ನಿಬಂಧನೆಯೇ ದಾನದ ಅರ್ಧ ಬೆಲೆಯೆನ್ನಬೇಕು. ವಿದೇಶದಲ್ಲಿ ಶಿಕ್ಷಣ ಪಡೆದು ಬರಬೇಕೆಂಬ ಮತ್ತೊಂದು ನಿಯಮಕ್ಕೆ ಚಂದ್ರಶೇಖರ ವೆಂಕಟರಾಮನ್ನರು ಒಪ್ಪಲಿಲ್ಲ. ಅವರಿಗಾಗಿ ಅದನ್ನು ಸಡಿಲಿಸಲಾಯಿತು. 1917ರಲ್ಲಿ ಅವರು ಆ ಪೀಠವನ್ನೇರಿದರು. ಅದಕ್ಕೂ ಹತ್ತು ವರ್ಷ ಮುಂಚಿನಿಂದ, ಸರ್ಕಾರದ ಹಣಕಾಸಿನ ಇಲಾಖೆಯಲ್ಲಿದ್ದುಕೊಂಡೇ, ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಚಂದಾ ಎತ್ತಿ ಸ್ಥಾಪಿಸಿದ್ದ ವಿಜ್ಞಾನಸಂಘದ ಪ್ರಯೋಗಶಾಲೆಯಲ್ಲಿ ಬಿಡುವಿನ ವೇಳೆ ದುಡಿಯುತ್ತಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುವಾಗ ಹಡಗಿನಲ್ಲಿ ಅವರನ್ನು ಕಾಡಿದ್ದು, ಕಡಲೇಕೆ ನೀಲಿಯೆಂಬ ಮಗುವಿನಂಥ ಪ್ರಶ್ನೆ. ಅದರ ಬೆನ್ನು ಹತ್ತಿದ ಹುಡುಕಾಟ 1928ರ ಫೆಬ್ರವರಿ 28ರಂದು ಫಲಿಸಿತು. ಮೂರು ವರ್ಷಗಳ ಯೋಜನೆಯಾಗಿದ್ದರೆ ಅಷ್ಟರಲ್ಲಿ ಎರಡು ಬಾರಿ ಮುಗಿದು ಕಡತ ಸೇರುತ್ತಿದ್ದಿತು.

ಲೆಕ್ಕ ಕೇಳುವುದು ಅನ್ಯಾಯವೆಂದು ಇದರ ಅರ್ಥವಲ್ಲ. ಕಂದಾಯ ತೆತ್ತ ರೈತನಿಗೆ ತನ್ನ ರೂಪಾಯಿ ಎಲ್ಲಿ ಹೋಯಿತೆಂದು ಕೇಳುವ ಹಕ್ಕುಂಟು. ಆದರೆ ವೆಚ್ಚದ ಲೆಕ್ಕ ಬೇರೆ, ಫಲದ ಲೆಕ್ಕ ಬೇರೆ. ಮೊದಲನೆಯದನ್ನು ಕಾಸಿಗೆ ಕಾಸು ಒಪ್ಪಿಸತಕ್ಕದ್ದು; ಎರಡನೆಯದನ್ನು ಗಡುವಿಟ್ಟು ಕೇಳಿದರೆ, ಬುದ್ಧಿವಂತನು ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಲು ಕಲಿಯುತ್ತಾನೆ. ಆದುದರಿಂದಲೇ ವಿಶ್ವವಿದ್ಯಾನಿಲಯದ ಆ ಚಿಕ್ಕ ಬೀಜಧನವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಯಾರಿಗೂ ಬೇಡವಾದ ಪ್ರಶ್ನೆಗೆ ತಾವು ಕೊಡುವ ಸ್ಥಳವದು. ಹೊರಗಿನಿಂದ ಎಷ್ಟು ತಂದೆಯೆಂಬುದರ ಮೇಲೆಯೇ ಅಧ್ಯಾಪಕನನ್ನು ಅಳೆದು, ಒಳಗಿನ ಈ ನಿಧಿಯನ್ನು ಬತ್ತಗೊಡುವ ವಿದ್ಯಾನಿಲಯವು ತನ್ನ ಪ್ರಶ್ನೆಗಳನ್ನು ಪರರ ವಶಕ್ಕೆ ಒಪ್ಪಿಸಿದಂತೆಯೇ.

ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಸ್ಥೆಯನ್ನು ಕಟ್ಟಿದಾಗ, ಸರ್ಕಾರದ ಹಣವನ್ನು ಬೇಡವೆಂದು, ಮನೆಮನೆಯ ದಾನವನ್ನು ನೆಚ್ಚಿದರು. 1970ರಲ್ಲಿ ಅವರು ತೀರಿಕೊಂಡರು. ಎರಡು ವರ್ಷಗಳೊಳಗೆ ಸಂಸ್ಥೆಯು ಕೇಂದ್ರ ಸರ್ಕಾರದ ಅನುದಾನವನ್ನು ಸ್ವೀಕರಿಸಿತು. ಅಲ್ಲಿ ಖಗೋಳವಿಜ್ಞಾನ ಮೊದಲಾದ ಹೊಸ ಶಾಖೆಗಳು ಬೆಳೆದುದು ಆ ಹಣದ ಆಸರೆಯಿಂದಲೇ. ಸ್ಥಾಪಕರ ಹಟ ಸರಿಯೋ, ಉತ್ತರಾಧಿಕಾರಿಗಳ ವಿವೇಕ ಸರಿಯೋ ಎಂದು ಮಿತ್ರರೊಬ್ಬರು ಕೇಳುತ್ತಾರೆ. ಹಟವಿಲ್ಲದಿದ್ದರೆ ಆ ಸಂಸ್ಥೆ ಹುಟ್ಟುತ್ತಿರಲಿಲ್ಲವೆಂದಷ್ಟೇ ಅವರಿಗೆ ನಾನು ಹೇಳಬಲ್ಲೆ.